ಗುಳಿಗಿ ಚೀಲದ ಡಾಕ್ಟರ್

ಹುಬ್ಬಳ್ಳಿಯ ಒಬ್ಬ ಎದೆರೋಗ ತಜ್ಞರಿಗೆ, ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಎಂದರೆ ಊಟ-ನಿದ್ದೆ ಮರೆಸುವ ಚಟ. ಆದರೆ ಅವರ ಕೆಲಸ ಶುರುವಾಗುವುದು ಯಂತ್ರ ಕೈಗೆತ್ತಿಕೊಂಡಾಗಲ್ಲ. ನವಲಗುಂದದಿಂದಲೋ ಅಣ್ಣಿಗೇರಿಯಿಂದಲೋ ಮುಂಜಾನೆಯ ಬಸ್ಸಿಗೆ ಬಂದ ಅಜ್ಜನ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರುವಿದಾಗ. ಖಾಲಿ ಸ್ಟ್ರಿಪ್ಪುಗಳು, ನಾಲ್ಕು ಮಡಿಕೆಯ ಚೀಟಿಗಳು, ನಡುವೆ ಎರಡು ಅಡಿಕೆ ಹೋಳು.

“ಅಜ್ಜಾರ, ಹಾರ್ಟಿಗೆ ಸ್ಟೆಂಟ್ ಹಾಕ್ಯಾರೇನ್ರಿ?”

“ಹೂಂನ್ರಿ, ಮೂರ ವರ್ಷ ಆತು.”

“ಮತ್ತ ಮೊದಲ ಯಾಕ ಹೇಳಲಿಲ್ರಿ?”

“ನೀವು ಕೆಮ್ಮಿನ ಡಾಕ್ಟ್ರು. ಹಾರ್ಟಿನ ಸುದ್ದಿ ನಿಮಗ್ಯಾಕ ಅಂತ ಬಿಟ್ಟೆ.”

ಸ್ಟ್ರಿಪ್ಪಿನ ಮೇಲೆ ಕ್ಲೋಪಿಡೋಗ್ರೆಲ್ ಎಂದಿರುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಅವತ್ತಿನ ಬ್ರಾಂಕೋಸ್ಕೋಪಿ ಅಲ್ಲಿಗೆ ಮುಂದಕ್ಕೆ! 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಗುಳಿಗೆ ತೆಗೆದುಕೊಳ್ಳುತ್ತಿರುವಾಗಲೇ ಪರೀಕ್ಷೆಗೆಂದು ಶ್ವಾಸಕೋಶದ ಚೂರು ತೆಗೆಸಿಕೊಂಡವರಲ್ಲಿ ಶೇಕಡಾ 89 ಮಂದಿಗೆ ರಕ್ತ ಬಂದಿತ್ತು. ತೆಗೆದುಕೊಳ್ಳದವರಲ್ಲಿ ಶೇಕಡಾ 3.4ರಷ್ಟು ಜನರಿಗೆ ಮಾತ್ರ. ಅದಕ್ಕೇ ಐದರಿಂದ ಏಳು ದಿನ ಮೊದಲು ಇದನ್ನು ನಿಲ್ಲಿಸುತ್ತಾರೆ, ಅದೂ ಹೃದಯದ ವೈದ್ಯರು ಒಪ್ಪಿದರೆ. ಆಸ್ಪಿರಿನ್ ಒಂದೇ ಇದ್ದರೆ ಸಾಮಾನ್ಯವಾಗಿ ತಕರಾರಿಲ್ಲ.

ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಚೂರು ತೆಗೆಯಲು ಹಿಂಜರಿಯುತ್ತಾರೆ. ಕಿಡ್ನಿ ಸೋತವರಲ್ಲಿ ಅವುಗಳ ಎಣಿಕೆ ಸರಿಯಿದ್ದರೂ ಅಂಟಿಕೊಂಡು ರಕ್ತ ನಿಲ್ಲಿಸುವ ಗುಣ ಕೆಟ್ಟಿರುತ್ತದೆ. ಆದರೂ ಡಾಕ್ಟರಿಗೆ ಇಷ್ಟವಾದದ್ದು ಒಂದು ಹಳ್ಳಿಗನ್ನಡದ ಪ್ರಶ್ನೆ: “ಹಲ್ಲು ಕೀಳಿಸಿದಾಗ ರಕ್ತ ಲಗೂನ ನಿಂತಿತ್ತೇನ್ರಿ?” ಲ್ಯಾಬಿನ ಕಾಗದ ಹೇಳದ್ದನ್ನು ಕೆಲವೊಮ್ಮೆ ಈ ಉತ್ತರ ಹೇಳಿಬಿಡುತ್ತದೆ.

ಎದೆಯೊಳಗಿನ ರಕ್ತಕ್ಕೆ ಇಷ್ಟು ಹೆದರುವುದೇಕೆ? ಶ್ವಾಸನಾಳಗಳಲ್ಲಿ ಹಿಡಿಸುವುದೇ ಸುಮಾರು 150 ಮಿಲಿಲೀಟರ್, ಒಂದು ದೊಡ್ಡ ಕಪ್ ಚಹಾದಷ್ಟು. ರಕ್ತ ಹೋಗಿ ಸಾಯುವುದಕ್ಕೆ ಮೊದಲೇ ಮನುಷ್ಯ ಆ ಕಪ್ಪಿನಲ್ಲಿ ಮುಳುಗಿಬಿಡಬಹುದು.

ಈ ಕೊಳವೆಯ ಕಥೆ ಹಳೆಯದು. 1897ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಶ್ವಾಸನಾಳದಿಂದ ಮೂಳೆಯ ಚೂರನ್ನು ತೆಗೆದದ್ದು ಗಟ್ಟಿ ಕೊಳವೆಯಿಂದ. ಬಾಗುವ ಕೊಳವೆಯನ್ನು ಜಪಾನಿನ ಶಿಗೆತೊ ಇಕೆಡಾ ಲೋಕಕ್ಕೆ ತೋರಿಸಿದ್ದು 1966ರಲ್ಲಿ. ಇವತ್ತಿನ ಕೊಳವೆ ಪೆನ್ಸಿಲ್‌ಗಿಂತ ತೆಳು. ಅದರೊಳಗಿಂದ ಹೋಗುವ ಚಿಮಟ ಕಚ್ಚಿ ತರುವುದು ಸಾಸಿವೆ ಕಾಳಿನಷ್ಟು ಮಾಂಸ.

ಕಚ್ಚುವ ಮೊದಲು ಡಾಕ್ಟರು ಪರದೆಯನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಗಡ್ಡೆ ಚೆರಿ ಹಣ್ಣಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ, ಮೈಮೇಲೆ ರಕ್ತನಾಳಗಳು ಹಾವಿನಂತೆ ಹರಿದಿದ್ದರೆ, ಅವರ ಬೆರಳು ಚಿಮಟದಿಂದ ಹಿಂದೆ ಸರಿಯುತ್ತದೆ. ಕ್ಷಯದ ಹಳೆಯ ಗಾಯಗಳೂ ಹೀಗೇ ಮೋಸ ಮಾಡುತ್ತವೆ: ಅಲ್ಲಿ ಉಬ್ಬಿರುವುದು ಮಹಾಧಮನಿಯಿಂದ ನೇರ ಬರುವ ರಭಸದ ರಕ್ತನಾಳ. ಶ್ವಾಸಕೋಶದ ಅಂಚಿನಿಂದ ಚೂರು ಬೇಕಾದರೆ ರೋಗಿ ಉಸಿರು ಎಳೆದಾಗ ಚಿಮಟ ತೆರೆ, ಬಿಟ್ಟಾಗ ಮುಚ್ಚು.

ರಕ್ತ ಒಸರಿತೋ, ಹೊಸಬರು ಕೊಳವೆಯನ್ನು ಹಿಂದಕ್ಕೆ ಎಳೆಯುತ್ತಾರೆ. ಅದೇ ತಪ್ಪು. ಇವರು ತುದಿಯನ್ನು ಆ ಸಣ್ಣ ನಾಳಕ್ಕೆ ಬಿರಡೆಯಂತೆ ಒತ್ತಿ, ರಕ್ತ ಪಕ್ಕದ ನಾಳಕ್ಕೆ ಇಳಿಯದಂತೆ ತಡೆದು ನಿಂತುಬಿಡುತ್ತಾರೆ. ಐಸಿನಷ್ಟು ತಣ್ಣನೆಯ ಸಲೈನ್, ಬೇಕಾದರೆ ತೆಳು ಮಾಡಿದ ಅಡ್ರಿನಾಲಿನ್; ರೋಗಿಯನ್ನು ರಕ್ತ ಬರುವ ಮಗ್ಗುಲಿಗೆ ಹೊರಳಿಸಿ, ಇನ್ನೊಂದು ಶ್ವಾಸಕೋಶವನ್ನು ಮೇಲೆ ಉಳಿಸಿಕೊಳ್ಳುವುದು. ಆಮೇಲೆ ಗಡಿಯಾರ. ನಾಲ್ಕು ನಿಮಿಷ ನಿಲ್ಲುವುದು ಎಷ್ಟು ಕಷ್ಟ ಎಂದು ನಿಂತವರಿಗೇ ಗೊತ್ತು. ಗಾಯಕ ಸವಾಯಿ ಗಂಧರ್ವರ ಕುಂದಗೋಳದವರಾದ ಡಾಕ್ಟರು ವರ್ಷವರ್ಷ ನಾಡಿಗೇರ ವಾಡೆಯ ಸಂಗೀತಕ್ಕೆ ಹೋಗಿ ನಿಧಾನಗತಿಯ ವಿಲಂಬಿತ ಕೇಳಿ ಬೆಳೆದವರು. ತಾಳ್ಮೆ ಅಲ್ಲಿಂದ ಬಂತೆಂದು ಅವರ ವಾದ. ನರ್ಸಮ್ಮನವರ ಪ್ರಕಾರ ಅದು ಬರೀ ಹಟ. ನಮಗೂ ಹಾಗೇ ಅನಿಸುತ್ತದೆ.

ಚಿಕ್ಕ ಒಸರು ಬಹುತೇಕ ತಾನಾಗಿ ನಿಲ್ಲುತ್ತದೆ. ಮೊದಲ ದಿನ ಕಫದಲ್ಲಿ ಕೆಂಪು ಎಳೆ ಕಂಡರೆ ಗಾಬರಿ ಬೇಡ. ಬಾಯಿ ತುಂಬ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಕಲಘಟಗಿಯಿಂದಾಗಲಿ, ನವಲಗುಂದದಿಂದಾಗಲಿ ಈ ಪರೀಕ್ಷೆಗೆ ಹೊರಟವರು ಗುಳಿಗಿ ಚೀಲವನ್ನು ಮನೆಯಲ್ಲಿ ಬಿಡಬೇಡಿ, ಖಾಲಿ ಸ್ಟ್ರಿಪ್ಪುಗಳನ್ನೂ ಎಸೆಯಬೇಡಿ. ಹಾರ್ಟಿನ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರು ಹೇಳಲಿ.