ಮಂಗಳನ ಬೆನ್ನಟ್ಟಿ ಸೇಬಿನ ಮರದವರೆಗೆ

ಪ್ರಾಗ್‌ನ ಹಳೇ ಪೇಟೆಯ ಚೌಕದಲ್ಲಿ ಗಂಟೆ ಬಡಿಯುವ ಹೊತ್ತಿಗೆ ಕಾಲಿಡಲು ಜಾಗವಿಲ್ಲ. 1410ರ ಖಗೋಳ ಗಡಿಯಾರದ ಕಿಟಕಿಗಳು ತೆರೆದುಕೊಳ್ಳುತ್ತವೆ, ಯೇಸುವಿನ ಶಿಷ್ಯರ ಗೊಂಬೆಗಳು ಒಂದೊಂದಾಗಿ ಇಣುಕಿ ಸರಿಯುತ್ತವೆ, ಜನ ಹೋ ಎನ್ನುತ್ತಾರೆ. ನನ್ನ ಕಣ್ಣು ಅದರ ಕೆಳಗಿನ ಫಲಕದ ಮೇಲೆ. ನಟ್ಟನಡುವೆ ಭೂಮಿ, ಸೂರ್ಯ ಚಂದ್ರರು ಅದರ ಸುತ್ತ! ನಮ್ಮ ದೇವಸ್ಥಾನಗಳ ನವಗ್ರಹ ಕಟ್ಟೆಯಲ್ಲಾದರೆ ನಡುವೆ ನಿಲ್ಲುವವನು ಸೂರ್ಯ. ಅದು ಪೂಜೆಯ ಕ್ರಮ, ಆಕಾಶದ ನಕ್ಷೆಯಲ್ಲ, ನಿಜ. ಆದರೆ ಸೂರ್ಯನೂ ನಟ್ಟನಡುವೆ ಇಲ್ಲ ಎಂದು ಲೆಕ್ಕಹಾಕಿ ತೋರಿಸಿದವನು ಬಾಳಿದ್ದು ಈ ಗಡಿಯಾರದಿಂದ ನಾಲ್ಕು ಹೆಜ್ಜೆ ಆಚೆ.

ಚೌಕದ ಎದುರು ಬದಿಯ ಟೀನ್ ಚರ್ಚಿನೊಳಗೆ, ಕೆಂಪು ಅಮೃತಶಿಲೆಯ ಚಪ್ಪಡಿಯಲ್ಲಿ, ಟೈಕೋ ಬ್ರಾಹೆ ಕವಚ ತೊಟ್ಟು ನಿಂತಿದ್ದಾನೆ. ದೂರದರ್ಶಕ ಇನ್ನೂ ಬಾರದ ಕಾಲದಲ್ಲಿ ಬರಿಗಣ್ಣಿನಿಂದಲೇ ಗ್ರಹಗಳ ಸ್ಥಾನವನ್ನು ದಶಕಗಟ್ಟಲೆ ಅಳೆದು ಬರೆದಿಟ್ಟ ಪುಣ್ಯಾತ್ಮ. 1601ರಲ್ಲಿ ಅವನು ತೀರಿಕೊಂಡಾಗ ಆ ಅಳತೆಗಳು ಸಹಾಯಕ ಯೋಹಾನೆಸ್ ಕೆಪ್ಲರನ ಕೈಸೇರಿದವು.

ಕೆಪ್ಲರ್ ಇದ್ದ ಮನೆಯೊಂದು ಚಾರ್ಲ್ಸ್ ಸೇತುವೆಯ ಹತ್ತಿರ, ಕಾರ್ಲೋವಾ ಬೀದಿಯಲ್ಲಿದೆ. ಬೀದಿಗೆ ಹಾಸಿದ ಕಲ್ಲುಗಳ ಸಂದಿಯಲ್ಲಿ ಸೂಟ್‌ಕೇಸಿನ ಚಕ್ರ ಮತ್ತೆ ಮತ್ತೆ ಸಿಕ್ಕಿಕೊಂಡು, ಕೊನೆಗೆ ಅದನ್ನು ಹೊತ್ತೇ ನಡೆಯುತ್ತೇನೆ. ಇಕ್ಕೆಲಗಳಲ್ಲೂ ಅಂಗಡಿ, ಗದ್ದಲ. ಈ ಊರಿನಲ್ಲಿ ಕೆಪ್ಲರನ ತಲೆ ತಿಂದದ್ದು ಮಂಗಳನ ದಾರಿ. ಅದು ವೃತ್ತವೆಂದು ಹಿಡಿದರೆ ಅವನ ಲೆಕ್ಕಕ್ಕೂ ಟೈಕೋನ ಅಳತೆಗೂ ಒಂದು ಡಿಗ್ರಿಯ ಅರವತ್ತರಲ್ಲಿ ಎಂಟು ಪಾಲು ವ್ಯತ್ಯಾಸ ಬರುತ್ತಿತ್ತು. ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ, ಅಷ್ಟೇ. ಅಳತೆಯೇ ತಪ್ಪಿರಬೇಕೆಂದು ಬಿಟ್ಟುಬಿಡಬಹುದಿತ್ತು. ಅವನು ಟೈಕೋನನ್ನು ನಂಬಿದ, ಎರಡು ಸಾವಿರ ವರ್ಷ ಎಲ್ಲರೂ ನೆಚ್ಚಿದ್ದ ವೃತ್ತವನ್ನು ಕೈಬಿಟ್ಟ. 1609ರ ‘ಆಸ್ಟ್ರೊನೊಮಿಯಾ ನೋವಾ’ದಲ್ಲಿ ಮಂಗಳನ ದಾರಿ ದೀರ್ಘವೃತ್ತ, ಸೂರ್ಯ ಇರುವುದು ಅದರ ಒಂದು ನಾಭಿಯಲ್ಲಿ.

ಕಾಫಿ ಅಂಗಡಿಯಲ್ಲಿ ಕೂತು ಆ ದಾರಿಯನ್ನು ಕಾಗದದ ಮೇಲೆ ಬಿಡಿಸಲು ನೋಡುತ್ತೇನೆ. ಉದ್ದ 20 ಸೆಂಟಿಮೀಟರ್ ಇಟ್ಟರೆ ಅಗಲ ಕಡಿಮೆಯಾಗುವುದು ಒಂದು ಮಿಲಿಮೀಟರಿಗಿಂತಲೂ ಕಮ್ಮಿ! ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುವಷ್ಟು. ಸೂರ್ಯ ಮಾತ್ರ ನಡುವಿನಿಂದ 9 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಇಷ್ಟು ಸಣ್ಣ ಚಪ್ಪಟೆತನವನ್ನು, ತಾನೇ ಓಡುತ್ತಿರುವ ಭೂಮಿಯ ಮೇಲೆ ನಿಂತು ಒಬ್ಬ ಮನುಷ್ಯ ಹಿಡಿದನಲ್ಲ!

ಕೆಪ್ಲರ್ ಮುಂದೆ ನೆಲೆಸಿದ ಲಿಂಜ್‌ಗೆ ಹೊರಟ ರೈಲಿನಲ್ಲಿ ಅವನ ಎರಡನೇ ನಿಯಮ ತಲೆಯೊಳಗೆ ಸುತ್ತುತ್ತದೆ. ಸೂರ್ಯನಿಗೆ ಹತ್ತಿರ ಬಂದ ಗ್ರಹ ಬೇಗ ಓಡುತ್ತದೆ, ದೂರ ಹೋದದ್ದು ನಿಧಾನಿಸುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲಲ್ಲಿ, ಅತಿ ದೂರ ಹೋಗುವುದು ಜುಲೈ ಮೊದಲಲ್ಲಿ. ಇದರ ಸಾಕ್ಷಿ ನಮ್ಮ ಮನೆಯ ಪಂಚಾಂಗದಲ್ಲೇ ಇದೆ! ಬೆಳಗಿನ ಜಾವದ ಹುಗ್ಗಿಯ ಧನುರ್ಮಾಸ ಸುಮಾರು 29 ದಿನಕ್ಕೇ ಮುಗಿಯುತ್ತದೆ. ಮಿಥುನ ಮಾಸ, ನಮ್ಮ ತುಳುನಾಡಿನ ಕಾರ್ತೆಲ್, 31 ದಾಟುತ್ತದೆ. ಮಳೆಗಾಲದಲ್ಲಿ ಭೂಮಿಯ ಓಟವೇ ನಿಧಾನ.

ಲಿಂಜ್‌ನ ಲಾಂಡ್‌ಹೌಸಿನ ಅಂಗಳದಲ್ಲಿ 1582ರ ಗ್ರಹಗಳ ಕಾರಂಜಿಯಿದೆ. 1612ರಲ್ಲಿ ಈ ಊರಿಗೆ ಬಂದ ಕೆಪ್ಲರ್ ಇದೇ ಕಟ್ಟಡದ ಶಾಲೆಯಲ್ಲಿ ಪಾಠ ಹೇಳಿದ. ತನ್ನ ಮದುವೆಗೆ ದ್ರಾಕ್ಷಾರಸ ಕೊಂಡಾಗ ವ್ಯಾಪಾರಿ ಪೀಪಾಯಿಯೊಳಗೆ ಕೋಲು ಇಳಿಸಿ ಅಳೆದದ್ದು ಸರಿಕಾಣದೆ, ಪೀಪಾಯಿಗಳ ಗಣಿತದ ಮೇಲೆ ಒಂದು ಪುಸ್ತಕವನ್ನೇ ಬರೆದ. 1618ರ ಮೇ 15ರಂದು ಅವನಿಗೆ ಮೂರನೇ ನಿಯಮ ಒಲಿಯಿತು: ಯಾವ ಗ್ರಹಕ್ಕಾದರೂ ದೂರದ ಘನಕ್ಕೂ ಸುತ್ತುವ ಕಾಲದ ವರ್ಗಕ್ಕೂ ಒಂದೇ ಅನುಪಾತ. ಗುರುವಿಗೆ ಸೂರ್ಯನಿಂದ ಇರುವ ದೂರ ಭೂಮಿಯ 5.2 ಪಟ್ಟು, ಅದರ ಘನ ಸುಮಾರು 141. ಒಂದು ಸುತ್ತಿಗೆ ಗುರು ತೆಗೆದುಕೊಳ್ಳುವ ಕಾಲ 11.86 ವರ್ಷ, ಅದರ ವರ್ಗವೂ ಸುಮಾರು 141! ಇದೇ ಕಾಲದಲ್ಲಿ ಅವನ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಿದ್ದಿತ್ತು. ವರ್ಷಗಟ್ಟಲೆ ಹೋರಾಡಿ 1621ರಲ್ಲಿ ಆಕೆಯನ್ನು ಬಿಡಿಸಿಕೊಂಡ. ಆ ಅಂಗಳದಲ್ಲಿ ನಿಂತಾಗ ನನಗೆ ಗ್ರಹಗಳಿಗಿಂತ ಆ ಮಗನ ಮೇಲೆ ಗೌರವ ಹೆಚ್ಚಿತು.

ಇಷ್ಟೆಲ್ಲ ನಡೆಸುವ ಬಲ ಯಾವುದು? ಅದಕ್ಕೆ ಇಂಗ್ಲೆಂಡಿಗೇ ಬರಬೇಕು. ಗ್ರಾಂಥಮ್ ರೈಲು ನಿಲ್ದಾಣದಿಂದ ಬಸ್ಸಿಗಾಗಿ ಸೋನೆಮಳೆಯಲ್ಲಿ ಕಾದು ಕಾದು ವೂಲ್ಸ್‌ಥಾರ್ಪ್ ತಲುಪುತ್ತೇನೆ. ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿದಾಗ, 1665ರಲ್ಲಿ, ನ್ಯೂಟನ್ ಮರಳಿದ್ದು ಇಲ್ಲಿನ ಕಲ್ಲಿನ ಮನೆಗೆ. ಮುಂದೆ 1684ರಲ್ಲಿ ಖಗೋಳಜ್ಞ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ, ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗಿದರೆ ಗ್ರಹದ ದಾರಿ ಹೇಗಿರುತ್ತದೆ ಎಂದು ಕೇಳಿದಾಗ, ದೀರ್ಘವೃತ್ತ ಎಂದು ನ್ಯೂಟನ್ ಥಟ್ಟನೆ ಹೇಳಿದ.

ಮನೆಯೆದುರು, ತಗ್ಗಿನ ಬೇಲಿಯೊಳಗೆ ಆ ಸೇಬಿನ ಮರ. 1820ರ ಬಿರುಗಾಳಿಗೆ ಉರುಳಿ, ಉಳಿದ ಬೇರಿನಿಂದಲೇ ಮತ್ತೆ ಚಿಗುರಿ ನಿಂತದ್ದು. ಬುಡದಲ್ಲಿ ಹಣ್ಣುಗಳು ಬಿದ್ದಿವೆ. ಪುಟ್ಟ ಹುಡುಗಿಯೊಬ್ಬಳು, ಹಾಗಾದರೆ ಚಂದ್ರ ಯಾಕೆ ಬೀಳುವುದಿಲ್ಲ ಎಂದು ಮನೆ ತೋರಿಸುವ ಹಿರಿಯ ಮಹಿಳೆಯನ್ನು ಕೇಳುತ್ತಾಳೆ. “ಬೀಳುತ್ತಲೇ ಇದ್ದಾನೆ ಮಗೂ” ಎನ್ನುತ್ತಾರೆ ಆಕೆ. ನಾನು ಟಿಪ್ಪಣಿ ಪುಸ್ತಕ ತೆರೆಯುತ್ತೇನೆ. ಸೇಬು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಚಂದ್ರ ಸೇಬಿಗಿಂತ ಅರವತ್ತು ಪಟ್ಟು ದೂರ, ಆದ್ದರಿಂದ ಅವನ ಪಾಲಿಗೆ ಅದರ 3,600ರಲ್ಲಿ ಒಂದು ಭಾಗ: 1.36 ಮಿಲಿಮೀಟರ್. ಅದೇ ಸೆಕೆಂಡಿನಲ್ಲಿ ಅವನು ಪಕ್ಕಕ್ಕೆ ಓಡುವುದು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಅಷ್ಟು ಓಟಕ್ಕೆ ಅವನ ದಾರಿ ಭೂಮಿಯ ಕಡೆಗೆ ಬಾಗಬೇಕಾದದ್ದೂ ಸರಿಯಾಗಿ ಅಷ್ಟೇ.