ಗಾಂಧಾರಿಯ ದನಿ

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅಂದ ಕೂಡಲೇ ಕಿವಿಗೆ ಬರುವುದು ಆ ತುಂಬು, ಗಡಸು ದನಿ. ಮುಖ ಕಾಣದೆ ಕೇಳಿದವರು ಹಾಡುತ್ತಿರುವವರು ಗಂಡಸೇ ಅಂದುಕೊಂಡದ್ದುಂಟು. ಬಳ್ಳಾರಿ ಜಿಲ್ಲೆಯ ಹಚ್ಚೊಳ್ಳಿಯ ನಮ್ಮ ಮನೆಗೆ ಆ ದನಿ ಬಂದದ್ದು ಧಾರವಾಡ ಆಕಾಶವಾಣಿಯಿಂದ, ರಾತ್ರಿ ಹೊತ್ತು, ಏರಿಳಿಯುವ ಗರಗರದ ನಡುವೆ. ಅದೇ ಗಂಗೂಬಾಯಿ ಇಪ್ಪತ್ತರ ಆಸುಪಾಸಿನಲ್ಲಿ ಹಾಡಿದ ಗ್ರಾಮಾಫೋನ್ ಪ್ಲೇಟುಗಳನ್ನು ಸಂಗ್ರಾಹಕರು ಜೋಪಾನ ಮಾಡಿ ಕಾಪಾಡಿದ್ದಾರೆ. ಈಗ ಅವು ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತವನ ಫೋನಿಗೂ ಬರುತ್ತವೆ. ಅವುಗಳಲ್ಲಿರುವುದು ತೆಳ್ಳನೆಯ, ಎತ್ತರದ, ಚುರುಕಾದ ಹುಡುಗಿಯ ದನಿ. ತಾರಷಡ್ಜ ಮುಟ್ಟಲು ಅದಕ್ಕೆ ಪ್ರಯಾಸವೇ ಇಲ್ಲ. ಎಚ್‌ಎಂವಿ ಕಂಪನಿಯವರು 1930ರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಗೆ ಕರೆಸಿ ಮುದ್ರಿಸಿಕೊಂಡದ್ದು ಇವನ್ನು. ಆಗ ಅವರು ಹುಬ್ಬಳ್ಳಿಯ ಗಾಂಧಾರಿ. ಹುಟ್ಟಿದಾಗ ಇಟ್ಟ ಹೆಸರೇ ಅದು.

ನನಗೆ ಈ ಗಾಂಧಾರಿ ಬಹಳ ಇಷ್ಟ. ಆದರೆ ಈ ಪ್ಲೇಟುಗಳ ಮಾತು ಬಂದಾಗಲೆಲ್ಲ ‘ಆಗಿನ್ನೂ ಎಳಸು, ಮುಂದೆ ದೊಡ್ಡವರಾದರು’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಮುಂದಿನ ಕಥೆ ಗೊತ್ತಿರುವುದರಿಂದ ಬರುವ ಮಾತು ಅದು. ಆ ದಿನ ಆ ಕೋಣೆಯಲ್ಲಿ ಮೈಕಿನ ಎದುರು ನಿಂತ ಹುಡುಗಿಗೆ ಮುಂದಿನದು ಗೊತ್ತಿರಲಿಲ್ಲ. ತನ್ನಲ್ಲಿದ್ದುದನ್ನೆಲ್ಲ ಅವಳು ಅಲ್ಲೇ ಹಾಡಿದಳು.

ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಸಿಗುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು ಸೆಕೆಂಡು. ಕಛೇರಿಯಲ್ಲಿ ಮುಕ್ಕಾಲು ಗಂಟೆ ಬೆಳೆಯುವ ರಾಗ ಅಷ್ಟರಲ್ಲಿ ಮುಗಿಯಬೇಕು. ಆಲಾಪ ಎರಡೇ ಉಸಿರು, ಹಿಂದೆಯೇ ಬಂದಿಶ್, ಅಂತರಾ, ಒಂದರ ಮೇಲೊಂದು ತಾನು, ಮತ್ತೆ ಮುಖಡಾ. ಕೊನೆಯ ತಾನು ಮುಗಿದು ಸಮ್‌ಗೆ ಬಂದು ನಿಲ್ಲುವ ಹೊತ್ತಿಗೆ ಪ್ಲೇಟಿನ ಗೆರೆಯೂ ಮುಗಿದಿರುತ್ತದೆ. ಒಮ್ಮೆ ಕಟ್ಟೆಯ ಮೇಲೆ ಇದನ್ನು ಹಚ್ಚಿಕೊಂಡು ಕೂತಿದ್ದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವರು ಅವರು. ಹಿಂದೂಸ್ತಾನಿ ಗಿಂದೂಸ್ತಾನಿ ಅವರಿಗೆ ಬೇಕಿಲ್ಲ. ಕಿವಿಗೊಟ್ಟು ಪೂರ್ತಿ ಕೇಳಿ, “ದನಿ ಚಲೋ ಐತೆ. ಆದ್ರ ಯಾಕಪ್ಪಾ ಇಷ್ಟು ಅವಸ್ರ ಈ ಹುಡುಗಿಗೆ? ಯಾರು ಬೆನ್ನತ್ಯಾರ?” ಅಂದರು. ಬೆನ್ನತ್ತಿದ್ದು ಆ ಮೂರು ನಿಮಿಷವೇ. ಆದರೆ ಆ ಅವಸರದಲ್ಲೂ ಒಂದು ಸ್ವರ ಜಾರಿಲ್ಲ, ಒಂದು ಶಬ್ದ ಮುರಿದಿಲ್ಲ. ಮುಂದೆ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತಾಗ, ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕೆಂಬ ಪಾಠ ಅವರಿಗೆ ಸಿಕ್ಕಿತು. ಅದನ್ನವರು ಕೊನೆಯವರೆಗೂ ಹೇಳುತ್ತಿದ್ದರು, ಹಾಗೆಯೇ ಹಾಡುತ್ತಿದ್ದರು. ಪ್ಲೇಟಿನ ಗಾಂಧಾರಿ ಆ ದೀರ್ಘ ಶಿಕ್ಷಣಕ್ಕೆ ಮುಂಚಿನವಳು. ಕೃಷ್ಣಾಚಾರ್ಯ ಹುಲಗೂರು, ದತ್ತೋಪಂತ ದೇಸಾಯಿ ಕಲಿಸಿದ್ದನ್ನು ಎರಡೂ ಕೈಯಿಂದ ಕೊಡುತ್ತಾಳೆ.

ಹಳೆಯ ಪ್ಲೇಟು ಕೇಳಿ ದನಿಯ ಎತ್ತರ ಅಳೆಯುವಾಗ ಒಂದು ಎಚ್ಚರ ಬೇಕು. ನಿಮಿಷಕ್ಕೆ 78 ಸುತ್ತು ಎಂಬುದು ಎಲ್ಲ ಕಡೆಯೂ ಕರಾರುವಾಕ್ಕಾಗಿ ಪಾಲನೆಯಾದ ಲೆಕ್ಕವಲ್ಲ. 78ರಲ್ಲಿ ಮುದ್ರಿಸಿದ ಪ್ಲೇಟನ್ನು ಈಗ ಫೋನಿಗೆ ಇಳಿಸಿದವರು 82–83 ಸುತ್ತಿನಲ್ಲಿ ತಿರುಗಿಸಿದ್ದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, ಲಯವೂ ಓಡುತ್ತದೆ. ಅದನ್ನು ಕಳೆದು ನೋಡಿದರೂ ಈ ದನಿಗೂ ನಾವು ರೇಡಿಯೋದಲ್ಲಿ ಕೇಳಿದ ದನಿಗೂ ನಡುವಿನ ಅಂತರ ಅರ್ಧ ಸ್ವರದ್ದಲ್ಲ. ಟಾನ್ಸಿಲ್ ತೊಂದರೆಗೆ ಮಾಡಿಸಿಕೊಂಡ ಚಿಕಿತ್ಸೆಯ ನಂತರ ಅವರ ದನಿ ತಗ್ಗಿತು. ತಗ್ಗಿದ್ದು ಮತ್ತೆ ಏರಲಿಲ್ಲ.

ಈ ಪ್ಲೇಟುಗಳು ಬಂದ ಕಾಲದಲ್ಲಿ ನಮ್ಮೂರಿನವರು ಅವನ್ನು ಕೇಳಿದ್ದರೇ? ಕೇಳಿರುವುದು ಕಷ್ಟ. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯ, ಬಳ್ಳಾರಿ ಮದ್ರಾಸ್ ಪ್ರಾಂತ್ಯ. ನಮ್ಮ ಸಿರುಗುಪ್ಪ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು; ಪಕ್ಕದ ಆದೋನಿ ಆಂಧ್ರಕ್ಕೆ ಹೋಯಿತು. ಬಳ್ಳಾರಿ ರಾಘವರ ತೆಲುಗು ನಾಟಕಗಳ ಕೀರ್ತಿ ಮನೆಮಾತಾಗಿದ್ದ ನೆಲ ಇದು. ಗ್ರಾಮಾಫೋನ್ ಇಟ್ಟುಕೊಂಡಿದ್ದ ಒಬ್ಬಿಬ್ಬರು ಸಾಹುಕಾರರ ಮನೆಗೆ ಪ್ಲೇಟು ಬಂದಿದ್ದರೆ ಮದ್ರಾಸಿನ ಕಡೆಯಿಂದಲೇ ಬಂದಿರಬೇಕು, ಅದು ತೆಲುಗು ಪದ್ಯವೇ ಆಗಿರಬೇಕು. ಹುಬ್ಬಳ್ಳಿ ದೂರವೇನಲ್ಲ. ಆದರೂ ಅಲ್ಲಿನ ಹುಡುಗಿಯ ಹಾಡು ನನ್ನೂರಿಗೆ ಬರಲು ಇಷ್ಟು ದಶಕ ಬೇಕಾಯಿತು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗಾಂಧಾರಿ ಹಾಡಿದ್ದು ರಾಗಗಳನ್ನು ಮಾತ್ರವಲ್ಲ. ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಗಳ ಯುಗಳಗಾಯನಗಳಿವೆ. ಜೋಶಿ ಆಗ ಹೆಸರಾಂತ ಭಾವಗೀತೆ ಗಾಯಕರು. ಮುಂದೆ ಎಚ್‌ಎಂವಿಯಲ್ಲೇ ಕೆಲಸಕ್ಕೆ ಸೇರಿ ಎಷ್ಟೋ ದೊಡ್ಡ ಗಾಯಕರನ್ನು ಮುದ್ರಿಸಿಕೊಂಡವರು. ಆ ಹಾಡುಗಳಲ್ಲಿ ಗಾಂಧಾರಿ ಸಾಲಿನ ಕೊನೆಯ ಅಕ್ಷರವನ್ನು ಹಿಡಿದು ಸಣ್ಣಗೆ ತಿರುಗಿಸಿ ಬಿಡುವ ರೀತಿ ಕೇಳಬೇಕು. ಜನ ಗುನುಗಲಿ ಎಂದೇ ಹಾಡಿದ ಹಾಡು, ಆದರೆ ಕಂಠ ತಯಾರಾದದ್ದು ರಾಗದಲ್ಲಿ. ಮುಂದೆ ಅವರು ಲಘು ಸಂಗೀತವನ್ನು ಪೂರ್ತಿ ಬಿಟ್ಟು ಖಯಾಲನ್ನೇ ಹಿಡಿದರು. ಅದು ಅವರ ನಿರ್ಧಾರ, ದೊಡ್ಡ ನಿರ್ಧಾರ. ಅವರು ಬಿಟ್ಟರೆಂಬ ಕಾರಣಕ್ಕೆ ನಾವು ಆ ಹಾಡುಗಳನ್ನು ಕೀಳು ಎನ್ನಬೇಕಿಲ್ಲ.

ಅಮೆರಿಕದ ಜಾಸ್ ಗಾಯಕಿ ಬಿಲ್ಲಿ ಹಾಲಿಡೇ ಗಾಂಧಾರಿಗಿಂತ ಎರಡು ವರ್ಷ ಚಿಕ್ಕವಳು. ಅವಳ ಮೊದಲ ಮುದ್ರಣ 1933ರಲ್ಲಿ, ಹದಿನೆಂಟನೆಯ ವಯಸ್ಸಿಗೆ. ಅಲ್ಲಿಯೂ ಅದೇ ಮೂರು ನಿಮಿಷದ ಪ್ಲೇಟು, ಜನಪ್ರಿಯ ಹಾಡು, ಹಗುರವಾದ ದನಿ. 1958ರಲ್ಲಿ, ಸಾಯುವ ಹಿಂದಿನ ವರ್ಷ, ಒಡೆದುಹೋದ ದನಿಯಲ್ಲಿ ಹಾಡಿದ್ದೂ ಉಳಿದಿದೆ. ಆ ಕೊನೆಯ ದನಿಯಲ್ಲೇ ಸತ್ಯವಿದೆ ಎಂದು ವಾದಿಸುವವರಿದ್ದಾರೆ. ಕಷ್ಟ ಕಂಡ ದನಿಯೇ ನಿಜವಾದ ದನಿ, ಹುಡುಗಿಯ ಸಂತೋಷ ಅದಕ್ಕೆ ಬರೀ ಮುನ್ನುಡಿ ಎಂಬ ಈ ನಂಬಿಕೆ ನನಗೆ ಒಪ್ಪಿಗೆಯಿಲ್ಲ. ಗಂಗೂಬಾಯಿಯ ವಿಷಯದಲ್ಲಂತೂ ಇದಕ್ಕೆ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ: ಗಂಡು ದನಿ ಗಂಭೀರ, ಹೆಣ್ಣು ದನಿ ಹಗುರ ಎಂಬ ಎಣಿಕೆ. ಅವರು ಕಳೆದುಕೊಂಡದ್ದು ಒಂದು ಪೂರ್ಣ ದನಿಯನ್ನು. ಉಳಿದುದರಲ್ಲಿ ಇನ್ನೊಂದನ್ನು ಕಟ್ಟಿದರು. ಎರಡನ್ನೂ ಎರಡಾಗಿಯೇ ಕೇಳಿದರೆ ಆ ಕಟ್ಟುವಿಕೆಯ ದೊಡ್ಡತನ ಹೆಚ್ಚು ಕಾಣುತ್ತದೆ.

ಮಗಳು ಕೃಷ್ಣಾ ಹಾನಗಲ್ 2004ರಲ್ಲಿ ತೀರಿಕೊಳ್ಳುವವರೆಗೂ ತಾಯಿಯ ಹಿಂದೆ ಕೂತು ದನಿಗೂಡಿಸುತ್ತಿದ್ದರು. ಆ ಕಛೇರಿಗಳ ಧ್ವನಿಮುದ್ರಣದಲ್ಲಿ ಕೆಳಗೆ ತಾಯಿಯ ಭಾರದ ದನಿ, ಅದಕ್ಕೆ ಹೊಂದಿಕೊಂಡು ಮಗಳ ತೆಳು ದನಿ. ಗಾಂಧಾರಿಯ ಪ್ಲೇಟು ಕೇಳಿದ ಮೇಲೆ ಅವನ್ನು ಮತ್ತೆ ಹಚ್ಚಿ ನೋಡಿ. ತಾಯಿ ಮಗಳಿಗೆ ಸ್ವರ ಬಿಟ್ಟುಕೊಡುವ ಜಾಗಗಳು ಬೇರೆಯಾಗಿ ಕೇಳತೊಡಗುತ್ತವೆ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು. ಆ ದಿನ ಅವರ ಹಾಡು ಹಾಕುವ ರೇಡಿಯೋದವರಲ್ಲಿ, ಸಂಗೀತ ಸಭೆಯವರಲ್ಲಿ ನನ್ನದೊಂದು ಬೇಡಿಕೆಯಿದೆ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಒಂದು ಹಳೆಯ ಪ್ಲೇಟಿಗೂ ಜಾಗ ಕೊಡಿ. ಹಾಕುವಾಗ ಗಾಯಕಿಯ ಹೆಸರನ್ನು ಗಾಂಧಾರಿ ಎಂದೇ ಹೇಳಿ.