ಉಪ್ಪು, ಸಕ್ಕರೆ ಮತ್ತು ಒಂದು ಲೀಟರ್ ನೀರು

ಜುಲೈ 14, 2025, ಸೋಮವಾರ

ಮೊದಲ ಸೆಮಿಸ್ಟರಿನವರಿಗೆ ಪ್ಲಾಸ್ಮೋಲಿಸಿಸ್ ಪ್ರಾಕ್ಟಿಕಲ್. ರಿಯೋ ಎಲೆಯ ಅಡಿಯ ನೇರಳೆ ಸಿಪ್ಪೆಯನ್ನು ತೆಳ್ಳಗೆ ಎಬ್ಬಿಸಿ ಉಪ್ಪುನೀರಿನ ಹನಿಯಲ್ಲಿಟ್ಟೆವು. ಸ್ವಲ್ಪ ಹೊತ್ತಿಗೆ ಒಳಗಿನ ನೇರಳೆ ಬಣ್ಣ ಕೋಶಭಿತ್ತಿಯನ್ನು ಬಿಟ್ಟು ಮುದುಡಿತು. ಬರಿನೀರು ಹಾಕಿದಾಗ ಮತ್ತೆ ಹರಡಿಕೊಂಡಿತು. "ಮೇಡಂ, ನೀರನ್ನ ಯಾರು ಹೊರಗೆ ಎಳೆದ್ರು?" ಅಂದಳು ಒಬ್ಬಳು. ಯಾರೂ ಎಳೆಯುವುದಿಲ್ಲ. ನೀರಿನ ಅಣುಗಳು ಪೊರೆಯ ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ. ಕರಗಿದ ಕಣಗಳು ಹೆಚ್ಚಿರುವ ಕಡೆಗೆ ಹೋಗುವವು ಹೆಚ್ಚು, ಮರಳುವವು ಕಡಿಮೆ. ಅಭಿಸರಣೆ ಎಂದರೆ ಅಷ್ಟೇ.

ಜುಲೈ 16, ಬುಧವಾರ

ಕೊಬ್ಬಿನ ಎರಡು ಪದರದ ಪೊರೆಯನ್ನು ನೀರು ಅಷ್ಟು ಬೇಗ ದಾಟುವುದು ಹೇಗೆ? ಪೀಟರ್ ಅಗ್ರೆ ಅವರ ತಂಡ 1992ರಲ್ಲಿ ಇದಕ್ಕೆ ಉತ್ತರ ಕೊಟ್ಟ ಪ್ರಯೋಗವನ್ನು ತರಗತಿಯಲ್ಲಿ ಹೇಳಿದೆ. ಕಪ್ಪೆಯ ಅಂಡಕೋಶಗಳಿಗೆ ಒಂದು ಪ್ರೋಟೀನಿನ ಆರ್‌ಎನ್‌ಎ ಚುಚ್ಚಿ, ತೀರ ತೆಳುವಾದ ದ್ರಾವಣಕ್ಕೆ ಹಾಕಿದರು. ಚುಚ್ಚಿದವು ಉಬ್ಬಿ ಒಡೆದವು, ಚುಚ್ಚದವು ಹಾಗೇ ಉಳಿದವು. ಅದೇ ಅಕ್ವಾಪೋರಿನ್. ಒಂದೊಂದು ನಾಳದಲ್ಲೂ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಗುತ್ತವೆ. ಪ್ರೋಟಾನಿಗೆ ಮಾತ್ರ ದಾರಿಯಿಲ್ಲ. ಎಷ್ಟು ಸಲ ಪಾಠ ಮಾಡಿದರೂ ಬೆರಗು ತಗ್ಗದು.

ಜುಲೈ 20, ಭಾನುವಾರ

ಪಕ್ಕದ ಮನೆಯ ಮಗುವಿಗೆ ಬೆಳಗಿನಿಂದ ಭೇದಿ. ತಾಯಿ ಒಂದು ಲೋಟ ನೀರಿಗೆ ಅರ್ಧ ಪೊಟ್ಟಣ ಓಆರ್‌ಎಸ್ ಸುರಿಯುತ್ತಿದ್ದಳು. "ಗಟ್ಟಿಯಾಗಿದ್ರೆ ಬೇಗ ವಾಸಿ ಆಗುತ್ತಲ್ವಾ ಅಕ್ಕಾ?" ಆ ಲೋಟ ಕೊಡಬೇಡ ಎಂದೆ. ಅಷ್ಟು ಗಟ್ಟಿಯಾದದ್ದು ಹೊಟ್ಟೆಗೆ ಹೋದರೆ ಮೈಯ ನೀರೇ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಲೀಟರಿನ ಪೊಟ್ಟಣ ಪೂರ್ತಿ ಹಾಕಿಸಿದೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸು, ಕಣ್ಣು ಗುಳಿಬಿದ್ದರೆ, ಮಂಪರು ಬಂದರೆ ತಡಮಾಡದೆ ಆಸ್ಪತ್ರೆಗೆ ಓಡು ಎಂದೂ ಹೇಳಿದೆ. ಸಂಜೆ ಮಗು ಉಚ್ಚೆ ಹೊಯ್ದಿತಂತೆ. ಜೀವಕ್ಕೆ ಸಮಾಧಾನವಾಯಿತು.

ಜುಲೈ 22, ಮಂಗಳವಾರ

ಮಗು ಆಡಿಕೊಂಡಿದೆ. ಪೊಟ್ಟಣದಲ್ಲಿ ಬರೆದದ್ದನ್ನೇ ಮತ್ತೆ ಓದುತ್ತಿದ್ದೇನೆ: ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸೂ 75. ಈ ಸಮತೂಕ ಸುಮ್ಮನೆ ಬಂದದ್ದಲ್ಲ. ಸಣ್ಣ ಕರುಳಿನ ಕೋಶಗಳಲ್ಲಿ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಗೂಡಿ ಬಂದರೆ ಮಾತ್ರ ತೆರೆಯುವ ಬಾಗಿಲೊಂದಿದೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಸೂಚಿಸಿದರು. ಅವೆರಡರ ಹಿಂದೆ ನೀರೂ ಒಳಬರುತ್ತದೆ. ಕಾಲರಾ ವಿಷ ಕರುಳಿಗೆ ಕ್ಲೋರೈಡನ್ನು ಸುರಿಸಿ ನೀರನ್ನೂ ಹರಿಸಿಬಿಡುತ್ತದೆ; ಆದರೆ ಈ ಬಾಗಿಲನ್ನು ಅದು ಕೆಡಿಸುವುದಿಲ್ಲ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು.

ಪಠ್ಯದಲ್ಲಿ ಪೊರೆಯ ಪಾಠಕ್ಕೆ ಚಿತ್ರವಿದೆ, ಬಾಣದ ಗುರುತುಗಳಿವೆ, ಬದುಕಿದವರ ಮಾತಿಲ್ಲ. ಪಕ್ಕದ ಮನೆಯಾಕೆಗೆ ಬೇಕಾದದ್ದೂ ಇದೇ ಪಾಠ. ನಾಳೆ ತರಗತಿಯಲ್ಲಿ ಪ್ರತಿಯೊಬ್ಬರ ಕೈಯಿಂದಲೂ ಓಆರ್‌ಎಸ್ ಕಲಸಿಸುತ್ತೇನೆ. ಒಂದು ಲೀಟರೇ ಏಕೆ ಎಂಬುದನ್ನು ಅವರು ಮನೆಗೆ ಹೋಗಿ ಅಮ್ಮನಿಗೆ, ಅಜ್ಜಿಗೆ ವಿವರಿಸಬೇಕು. ಆಗ ಪಾಠ ಮುಗಿದಂತೆ.